ಔಡಲದ ಕೊಂಡಿ

ಗ್ರೀಸ್ ಡಬ್ಬಿಯ ಮುಚ್ಚಳ ತೆಗೆದು ಬೋರಲು ಹಿಡಿಯಿರಿ. ಒಳಗಿನದು ಬೀಳುವುದಿಲ್ಲ. ಅದೇ ಗ್ರೀಸನ್ನು ಟ್ರ್ಯಾಕ್ಟರಿನ ಬೇರಿಂಗಿಗೆ ಹೊಡೆದರೆ ಎಣ್ಣೆಯ ಹಾಗೆ ಒಳಗೆಲ್ಲ ಹರಡಿಕೊಂಡು ಗಾಲಿಯನ್ನು ಹಗುರಾಗಿ ತಿರುಗಿಸುತ್ತದೆ. ಹಾಗಾದರೆ ಅದು ಗಟ್ಟಿಯೋ, ದ್ರವವೋ? ಭತ್ತದ ಸುಗ್ಗಿಯಲ್ಲಿ ಸಿಂಧನೂರಿನ ಗದ್ದೆಗಳಿಗೆ ಇಳಿಯುವ ಕಟಾವು ಮಷಿನ್ನಿನ ಚಾಲಕರು ದಿನಾ ಬೆಳಿಗ್ಗೆ ಗ್ರೀಸ್ ಗನ್ ಹಿಡಿದು ಮಷಿನ್ನಿನ ಸುತ್ತ ಒಂದು ಸುತ್ತು ಹಾಕುತ್ತಾರೆ. ಕೈಯಲ್ಲಿರುವುದು ಇಷ್ಟು ವಿಚಿತ್ರದ ವಸ್ತು ಎಂದು ಯಾರಿಗೂ ಅನ್ನಿಸುವುದಿಲ್ಲ.

ಇನ್ನೊಂದು ಒಗಟು ಇದಕ್ಕಿಂತ ಹಳೆಯದು. ಮನೆಯಲ್ಲಿ ಶೇಂಗಾ ಎಣ್ಣೆಯೂ ಕುಸುಬಿ ಎಣ್ಣೆಯೂ ಇದ್ದ ಕಾಲದಲ್ಲಿ ಬಂಡಿಯ ಅಚ್ಚಿಗೆ ಮಾತ್ರ ಔಡಲ ಎಣ್ಣೆಯೇ ಬೇಕಾಗುತ್ತಿತ್ತು. ಹಳೇ ಮೈಸೂರಿನವರು ಹರಳೆಣ್ಣೆ ಎನ್ನುವುದು ಇದನ್ನೇ. ತಿನ್ನುವ ಎಣ್ಣೆಯನ್ನು ಗಾಲಿಗೆ ಸುರಿಯಲು ಮನಸ್ಸು ಬಾರದು, ಅದು ಅರ್ಧ ಕಾರಣ. ಉಳಿದರ್ಧ ಬೇರೆ: ಶೇಂಗಾ ಎಣ್ಣೆ ಹಾಕಿದ ಬಂಡಿ ಊರ ಮುಂದಿನ ಹಳ್ಳ ದಾಟುವುದರೊಳಗೆ ಮತ್ತೆ ಕಿರ್ರೆನ್ನುತ್ತದೆ, ಔಡಲ ಎಣ್ಣೆ ಹಾಕಿದ್ದು ಸಂತೆಗೆ ಹೋಗಿ ಬಂದರೂ ಸುಮ್ಮನಿರುತ್ತದೆ.

ಎರಡು ಒಗಟಿಗೂ ಉತ್ತರ ಒಂದೇ. ಅದು ಔಡಲದ ಕಾಳಿನೊಳಗಿದೆ.

ಬಂಡಿ ಅಳುವುದು ಯಾಕೆ?

ಕಬ್ಬಿಣದ ಅಚ್ಚು ಕಣ್ಣಿಗೆ ನುಣುಪು. ಸೂಕ್ಷ್ಮದರ್ಶಕದಡಿ ಇಟ್ಟರೆ ಮುದಗಲ್ಲಿನ ಸುತ್ತಲಿನ ಕಲ್ಲುಗುಡ್ಡಗಳ ಹಾಗೆ ಬರೀ ಏರು ತಗ್ಗು. ಗಾಲಿಯ ಗುಂಬದೊಳಗಿನ ಕಬ್ಬಿಣದ ಬಳೆಯೂ ಹಾಗೆಯೇ. ಹೊರೆ ಬಿದ್ದಾಗ ಈ ಗುಡ್ಡಕ್ಕೆ ಆ ಗುಡ್ಡ ಸಿಕ್ಕಿಕೊಳ್ಳುತ್ತದೆ, ಕಿತ್ತುಕೊಂಡು ಜಾರುತ್ತದೆ, ಮುಂದಿನದಕ್ಕೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಸಲ ನಡೆಯುವ ಈ ಹಿಡಿ-ಬಿಡು ಆಟದ ಸದ್ದೇ ಬಂಡಿಯ ಅಳು. ಪ್ರತಿ ಸಲ ಕಿತ್ತುಕೊಂಡಾಗಲೂ ಒಂದಿಷ್ಟು ಕಬ್ಬಿಣ ಸವೆಯುತ್ತದೆ, ಒಂದಿಷ್ಟು ಬಿಸಿ ಹುಟ್ಟುತ್ತದೆ. ಎತ್ತಿನ ಬೆವರೂ ಅಲ್ಲಿಯೇ ವ್ಯರ್ಥವಾಗುತ್ತದೆ.

ಎರಡು ಕಬ್ಬಿಣಗಳು ಒಂದನ್ನೊಂದು ಮುಟ್ಟದಂತೆ ನಡುವೆ ನಿಲ್ಲುವುದೇ ಕೀಲೆಣ್ಣೆಯ ಕೆಲಸ. ನಿಲ್ಲಲು ಎರಡು ದಾರಿಗಳಿವೆ. ಮೊದಲನೆಯದು ವೇಗದ ದಾರಿ. ಚಪ್ಪಟೆ ಬಿಲ್ಲೆಕಲ್ಲನ್ನು ಕೆರೆಯ ಮೇಲೆ ರಭಸದಿಂದ ಎಸೆದರೆ ಅದು ಮುಳುಗದೆ ನೀರಿನ ಮೇಲೆ ಜಿಗಿಯುತ್ತಾ ಹೋಗುತ್ತದೆ. ಮೆಲ್ಲಗೆ ಬಿಟ್ಟರೆ ತಳ ಸೇರುತ್ತದೆ. ಜೋರಾಗಿ ತಿರುಗುವ ಮೋಟಾರಿನ ದಂಡವೂ ತನ್ನ ವೇಗದಿಂದಲೇ ಎಣ್ಣೆಯ ಪದರದ ಮೇಲೆ ತೇಲುತ್ತದೆ. ಅಲ್ಲಿ ತೆಳು ಎಣ್ಣೆಯೂ ಸಾಕು.

ಬಂಡಿಗೆ ಆ ಭಾಗ್ಯವಿಲ್ಲ. ಎತ್ತಿನ ನಡಿಗೆ ನಿಧಾನ, ಹೊರೆ ಭಾರ. ಇಂಥಲ್ಲಿ ಉಳಿದದ್ದು ಎರಡನೆಯ ದಾರಿ: ಎಣ್ಣೆ ತನ್ನ ಗುಣದಿಂದಲೇ ನಿಲ್ಲಬೇಕು. ಅದಕ್ಕೆ ಎರಡು ಗುಣ ಬೇಕು. ಒಂದು ಮಂದತನ. ಎಂಜಿನಿಯರರು ವಿಸ್ಕಾಸಿಟಿ ಎಂದು ಕರೆಯುವುದು ಇದನ್ನೇ: ಹಿಸುಕಿದರೂ ಬೇಗ ಜಾರಿಕೊಳ್ಳದ ಗುಣ. ಇನ್ನೊಂದು ಅಂಟು, ಅಂದರೆ ಕಬ್ಬಿಣದ ಮೈಯನ್ನು ಬಿಡದೆ ಹಿಡಿದಿರುವ ಗುಣ. ರಾಯಚೂರಿನ ಬೇಸಿಗೆಗೆ ಹೊಸದಲ್ಲದ 40 ಡಿಗ್ರಿ ಬಿಸಿಯಲ್ಲಿ ಔಡಲ ಎಣ್ಣೆ ಶೇಂಗಾ ಎಣ್ಣೆಗಿಂತ ಆರೇಳು ಪಟ್ಟು ಮಂದ. ಅದು ಸಾಲದೆಂದು ಹಿಂದಿನವರು ಅದಕ್ಕೆ ಸುಟ್ಟ ಹುಲ್ಲಿನ ಕರಿಯನ್ನು ಬೆರೆಸಿ ಇನ್ನಷ್ಟು ಗಟ್ಟಿ ಮಾಡುತ್ತಿದ್ದರು. ಈ ಕರಿಯನ್ನು ನೆನಪಿನಲ್ಲಿಡಿ, ಮುಂದೆ ಅದು ಬೇರೊಂದು ವೇಷದಲ್ಲಿ ಬರುತ್ತದೆ.

ಮೂರು ತಾಳಿನ ಕೂರಿಗೆ

ಶೇಂಗಾ, ಕುಸುಬಿ, ಸೂರ್ಯಕಾಂತಿ, ಔಡಲ, ಎಲ್ಲ ಎಣ್ಣೆಗಳ ಕಣಗಳೂ ನೋಡಲು ಒಂದೇ ಕುಲದವು. ಬಿತ್ತುವ ಕೂರಿಗೆಯನ್ನು ನೆನೆಯಿರಿ: ಮೇಲೊಂದು ಅಡ್ಡ ದಿಂಡು, ಅದಕ್ಕೆ ಕೂಡಿಸಿದ ಮೂರು ತಾಳು. ಎಣ್ಣೆಯ ಕಣದಲ್ಲಿ ದಿಂಡಿನ ಜಾಗದಲ್ಲಿರುವುದು ಗ್ಲಿಸರಿನ್. ತಾಳುಗಳ ಜಾಗದಲ್ಲಿ ಮೂರು ಉದ್ದನೆಯ ಸರಗಳು. ಒಂದೊಂದು ಸರದಲ್ಲೂ ಸಾಮಾನ್ಯವಾಗಿ 18 ಇಂಗಾಲದ ಮಣಿಗಳು. ಈ ಸರಗಳಿಗೆ ಕೊಬ್ಬಿನ ಆಮ್ಲಗಳೆಂದು ಹೆಸರು.

ಶೇಂಗಾ ಎಣ್ಣೆಯ ಸರಗಳು ಉದ್ದಕ್ಕೂ ನುಣುಪು. ಹಾಗಾಗಿ ಒಂದು ಕಣ ಇನ್ನೊಂದರ ಪಕ್ಕದಲ್ಲಿ ಸಲೀಸಾಗಿ ಜಾರುತ್ತದೆ. ಔಡಲದ ಸರದಲ್ಲೊಂದು ವಿಶೇಷವಿದೆ. ಹನ್ನೆರಡನೆಯ ಮಣಿಯ ಪಕ್ಕಕ್ಕೆ ಒಂದು ಆಮ್ಲಜನಕ, ಅದರ ತುದಿಗೆ ಒಂದು ಜಲಜನಕ, ಸಣ್ಣ ಕೊಂಡಿಯ ಹಾಗೆ ಹೊರಚಾಚಿಕೊಂಡಿದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಹೈಡ್ರಾಕ್ಸಿಲ್ ಎಂದು ಹೆಸರು. ನಾವು ಕೊಂಡಿ ಎಂದೇ ಕರೆಯೋಣ. ಈ ಕೊಂಡಿಯುಳ್ಳ ಸರವೇ ರಿಸಿನೋಲಿಕ್ ಆಮ್ಲ. ಔಡಲ ಎಣ್ಣೆಯ ಸರಗಳಲ್ಲಿ ನೂರಕ್ಕೆ 85ರಿಂದ 90 ಇಂಥವೇ. ನಾವು ಬಳಸುವ ಬೇರೆ ಯಾವ ಎಣ್ಣೆಯಲ್ಲೂ ಈ ಕೊಂಡಿ ಇಷ್ಟು ದಟ್ಟವಾಗಿಲ್ಲ.

ಕೊಂಡಿ ಮಾಡುವುದೇನು? ಹೊಲದ ಬದುವಿನಲ್ಲಿ ಉತ್ತರಾಣಿ ಗಿಡದ ಪಕ್ಕ ಹಾದು ಬಂದವರ ಧೋತರದ ಅಂಚನ್ನು ನೋಡಿ. ಕಾಳುಗಳು ಕಚ್ಚಿಕೊಂಡಿರುತ್ತವೆ. ಕಿತ್ತರೆ ಬರುತ್ತವೆ, ಮತ್ತೆ ಸೋಕಿದರೆ ಮತ್ತೆ ಹತ್ತುತ್ತವೆ. ಔಡಲದ ಕಣಗಳೂ ಒಂದರ ಕೊಂಡಿಯನ್ನು ಇನ್ನೊಂದು ಹೀಗೆಯೇ ಹಿಡಿಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಬೆಸುಗೆಯ ಹಾಗೆ ಶಾಶ್ವತ ಹಿಡಿತ ಆಗಿದ್ದರೆ ಎಣ್ಣೆ ಕಲ್ಲಾಗುತ್ತಿತ್ತು. ಹಿಡಿತವೇ ಇಲ್ಲದಿದ್ದರೆ ಶೇಂಗಾ ಎಣ್ಣೆಯ ಹಾಗೆ ತೆಳ್ಳಗಿರುತ್ತಿತ್ತು. ಈ ಎರಡರ ನಡುವಿನ ಹದವೇ ಔಡಲದ ಮಂದತನ. ಅದೇ ಕೊಂಡಿ ಕಬ್ಬಿಣದ ಮೈಗೂ ಹತ್ತಿಕೊಳ್ಳುತ್ತದೆ. ಬಂಡಿಗೆ ಬೇಕಾದ ಎರಡೂ ಗುಣ ಒಂದೇ ಜಾಗದಿಂದ ಬಂದವು.

ಉತ್ತರಾಣಿಯ ಹೋಲಿಕೆ ಇನ್ನೊಂದು ಗುಣವನ್ನೂ ಹೇಳುತ್ತದೆ. ಧೋತರವನ್ನು ಜೋರಾಗಿ ಝಾಡಿಸಿದರೆ ಕಾಳು ಉದುರುತ್ತವೆ. ಬಿಸಿ ಎಂದರೆ ಕಣಗಳ ಝಾಡಣೆಯೇ. 100 ಡಿಗ್ರಿಗೆ ಕಾಯಿಸಿದರೆ ಔಡಲ ಎಣ್ಣೆಯ ಮಂದತನ, 40 ಡಿಗ್ರಿಯಲ್ಲಿ ಇದ್ದದ್ದರ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೂ ಅಷ್ಟೇ ಬಿಸಿಯ ಶೇಂಗಾ ಎಣ್ಣೆಗಿಂತ ಎರಡು ಪಟ್ಟು ಮಂದವಾಗಿಯೇ ಉಳಿಯುತ್ತದೆ.

ಮಸ್ಕಿಯ ಬಂಡೆ, ಆಕಾಶದ ಎಂಜಿನ್

1915ರಲ್ಲಿ ಸಿ. ಬೀಡನ್ ಎಂಬ ಎಂಜಿನಿಯರ್ ನಿಜಾಮರ ಸಂಸ್ಥಾನದಲ್ಲಿ ಚಿನ್ನದ ಜಾಡು ಹುಡುಕುತ್ತಾ ಮಸ್ಕಿಗೆ ಬಂದರು. ಚಿನ್ನದ ಬದಲು ಅವರ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಬರಹ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನ ಅದು. ಅದೇ ವರ್ಷ ಯುರೋಪಿನ ಆಕಾಶದಲ್ಲಿ ಮಹಾಯುದ್ಧ ನಡೆದಿತ್ತು, ಅಲ್ಲಿನ ಅನೇಕ ವಿಮಾನಗಳ ಹೊಟ್ಟೆಯಲ್ಲಿದ್ದದ್ದು ಔಡಲ ಎಣ್ಣೆ.

ಆಗಿನ ಎಷ್ಟೋ ಯುದ್ಧವಿಮಾನಗಳಲ್ಲಿ ರೋಟರಿ ಎಂಜಿನ್ ಇತ್ತು. ಅದರಲ್ಲಿ ಎಂಜಿನ್ನೇ ಪಂಖದ ಜೊತೆ ಗಿರಗಿರ ತಿರುಗುತ್ತಿತ್ತು. ಪೆಟ್ರೋಲಿನ ಆವಿ ಎಂಜಿನ್ನಿನ ನಡುಭಾಗದ ಮೂಲಕವೇ ಹಾದು ಹೋಗಬೇಕು, ಕೀಲೆಣ್ಣೆ ಇರುವುದೂ ಅಲ್ಲೇ. ನೆಲದಡಿಯಿಂದ ತೆಗೆದ ಖನಿಜ ಎಣ್ಣೆ ಪೆಟ್ರೋಲಿನ ದಾಯಾದಿ. ಎರಡೂ ಕೂಡಿದರೆ ಎಣ್ಣೆ ತೊಳೆದುಹೋಗುತ್ತದೆ. ಔಡಲದ ಕಣಗಳು ಹಾಗಲ್ಲ, ಕೊಂಡಿಗೆ ಕೊಂಡಿ ಹಾಕಿಕೊಂಡು ತಮ್ಮ ಗುಂಪಿನಲ್ಲೇ ಇರುತ್ತವೆ, ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಬಳಸಿದ ಎಣ್ಣೆ ಹೊಗೆಯಾಗಿ, ತುಂತುರಾಗಿ ಹಿಂದಕ್ಕೆ ಸಿಡಿದು ಚಾಲಕನ ಮುಖಕ್ಕೆ ಬಡಿಯುತ್ತಿತ್ತು. ಮಕ್ಕಳಿಗೆ ಹೊಟ್ಟೆ ಶುದ್ಧಿಗೆಂದು ಔಡಲ ಎಣ್ಣೆ ಕುಡಿಸುತ್ತಿದ್ದ ತಾಯಂದಿರಿಗೆ ಆ ಚಾಲಕರ ಪಾಡನ್ನು ಬಿಡಿಸಿ ಹೇಳಬೇಕಿಲ್ಲ.

ಆ ಎಣ್ಣೆಗೆ ಬೇಕಾದ ಬೀಜದ ದೊಡ್ಡ ಕಣಜ ಭಾರತ. ನಿಜಾಮರ ಸೀಮೆ ಅದರಲ್ಲಿ ಹೆಸರಾದದ್ದು, ರಾಯಚೂರೂ ಆ ಸೀಮೆಯದೇ. ಅಮೆರಿಕ ಯುದ್ಧಕ್ಕೆ ಇಳಿದಾಗ ಭಾರತದಿಂದ ಬೀಜ ತರಿಸಿ ತನ್ನ ದಕ್ಷಿಣದ ರಾಜ್ಯಗಳಲ್ಲಿ ಬಿತ್ತಿಸಿತು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಕಟ್ಟಿದ ಕಂಪನಿ 1909ರಲ್ಲಿ ತನ್ನ ಹೊಸ ಎಂಜಿನ್ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಔಡಲದ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಅದರಲ್ಲಿ ಇಂದಿಗೂ ಕೂತಿದೆ.

ಜೋಡಿಗಂಟಿನ ಕಾಟ

ಇಷ್ಟು ಒಳ್ಳೆಯ ಎಣ್ಣೆಯನ್ನು ಜಗತ್ತು ಕೈಬಿಟ್ಟದ್ದು ಯಾಕೆ? ದೀಪ ಹಚ್ಚುವ ಗೂಡನ್ನು ಬೆರಳಿನಿಂದ ಮುಟ್ಟಿ ನೋಡಿ. ಹಳೆಯ ಎಣ್ಣೆ ಅಲ್ಲಿ ಅಂಟಾಗಿ, ಆಮೇಲೆ ಮೇಣವಾಗಿ, ಕೊನೆಗೆ ಕೆರೆದರೂ ಬಾರದ ಹಕ್ಕಳೆಯಾಗಿ ಕೂತಿರುತ್ತದೆ. ಸಸ್ಯದ ಎಣ್ಣೆಗಳ ಸರದಲ್ಲಿ ಅಲ್ಲಲ್ಲಿ ಎರಡು ಮಣಿಗಳ ನಡುವೆ ಒಂದರ ಬದಲು ಎರಡು ಗಂಟುಗಳಿರುತ್ತವೆ. ಈ ಜೋಡಿಗಂಟೇ ಸರದ ದುರ್ಬಲ ಜಾಗ. ಗಾಳಿಯ ಆಮ್ಲಜನಕ ಅಲ್ಲಿಗೇ ನುಗ್ಗಿ ಸರಗಳನ್ನು ಒಂದಕ್ಕೊಂದು ಸಿಕ್ಕುಹಾಕುತ್ತದೆ. ಔಡಲದ ಸರದಲ್ಲೂ ಒಂಬತ್ತನೆಯ ಮಣಿಯ ಬಳಿ ಇಂಥದೊಂದಿದೆ.

ಬಂಡಿಯ ಅಚ್ಚನ್ನು ಆಗಾಗ ಒರೆಸಿ ಹೊಸ ಎಣ್ಣೆ ಹಾಕಬಹುದು. ಲಿಂಗಸುಗೂರು ತಾಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ ಹಗಲೂ ರಾತ್ರಿ ಅದಿರನ್ನು ಎತ್ತುವ, ಅರೆಯುವ ಯಂತ್ರಗಳನ್ನು ಹಾಗೆ ದಿನಾ ಬಿಚ್ಚುತ್ತಾ ಕೂರಲಾದೀತೇ? ಖನಿಜ ಎಣ್ಣೆ ಅಗ್ಗವಾಗಿ ಸಿಕ್ಕಿತು, ಬೇಗ ಹಕ್ಕಳೆಗಟ್ಟಲಿಲ್ಲ. ಹೀಗೆ ಔಡಲ ಹಿಂದೆ ಸರಿಯಿತು. ಸರಿಯಿತು ಎಂದೇ ಎಲ್ಲರೂ ತಿಳಿದರು.

ಅರಳೆಯಲ್ಲಿ ನೆನೆದ ಎಣ್ಣೆ

ಜೋಡಿಗಂಟಿಗೆ ಮದ್ದು ಅಡುಗೆಮನೆಗೆ ಗೊತ್ತಿರುವುದೇ. ತೆಳು ಎಣ್ಣೆಗೆ ಜಲಜನಕ ಹಾಯಿಸಿದರೆ ಜೋಡಿಗಂಟು ಒಂಟಿಗಂಟಾಗಿ ಎಣ್ಣೆ ಹೆಪ್ಪುಗಟ್ಟುತ್ತದೆ. ವನಸ್ಪತಿ ತುಪ್ಪ, ಊರ ಬಾಯಲ್ಲಿ ಡಾಲ್ಡಾ, ಆಗುವುದು ಹೀಗೆ. ಡಾಲ್ಡಾ ಅಂಗೈಯ ಬಿಸಿಗೇ ಕರಗತೊಡಗುತ್ತದೆ. ಔಡಲ ಎಣ್ಣೆಗೆ ಇದೇ ಉಪಚಾರ ಮಾಡಿದರೆ ಸಿಗುವುದು ಸುಮಾರು 85 ಡಿಗ್ರಿವರೆಗೂ ಕರಗದ ಗಟ್ಟಿ ಮೇಣ. ಜೋಡಿಗಂಟು ಹೋಯಿತು, ಕೊಂಡಿ ಹಾಗೇ ಉಳಿಯಿತು. ಸರಗಳು ಈಗ ನೆಟ್ಟಗಾಗಿ ಒತ್ತೊತ್ತಾಗಿ ನಿಂತು ಇನ್ನೂ ಬಿಗಿಯಾಗಿ ಕೊಂಡಿ ಹಾಕಿಕೊಂಡಿವೆ.

ಈ ಮೇಣದ ತಾಳುಗಳನ್ನು ದಿಂಡಿನಿಂದ ಬಿಡಿಸಿ, ಲಿಥಿಯಂ ಎಂಬ ಹಗುರ ಲೋಹದ ಕ್ಷಾರದ ಜೊತೆ ಕುದಿಸಿದರೆ ಒಂದು ಬಗೆಯ ಸಾಬೂನು ಆಗುತ್ತದೆ. ಬಟ್ಟೆ ಒಗೆಯುವ ಸಾಬೂನೂ ಹೀಗೆಯೇ ಹುಟ್ಟುವುದು, ಅಲ್ಲಿ ಲಿಥಿಯಮ್ಮಿನ ಬದಲು ಸೋಡಿಯಂ ಇರುತ್ತದೆ. ಲಿಥಿಯಂ ಸಾಬೂನು ಖನಿಜ ಎಣ್ಣೆಯಲ್ಲಿ ತಣಿಯುವಾಗ ಅತಿ ಸಣ್ಣ ಎಳೆಗಳಾಗಿ ಬೆಳೆಯುತ್ತದೆ. ಕೊಂಡಿಗಳ ಸೆಳೆತಕ್ಕೆ ಆ ಎಳೆಗಳು ಹುರಿಗೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬಿಡಿಸಿದ ಅರಳೆಯನ್ನು ಎಣ್ಣೆಯಲ್ಲಿ ನೆನೆಸಿದಂತೆ ಈ ಹೆಣಿಗೆಯ ಸಂದುಗಳಲ್ಲಿ ಎಣ್ಣೆ ತುಂಬಿ ನಿಲ್ಲುತ್ತದೆ. ಅದೇ ಗ್ರೀಸ್.

ನೂರು ಪಾಲು ಗ್ರೀಸಿನಲ್ಲಿ 85ರ ಆಸುಪಾಸು ಎಣ್ಣೆ, ಹತ್ತರಷ್ಟು ಈ ಸಾಬೂನು. ಡಬ್ಬಿ ಬೋರಲು ಹಾಕಿದಾಗ ಬೀಳದಂತೆ ಹಿಡಿಯುವುದು ಎಳೆಗಳ ಹೆಣಿಗೆ. ಬೇರಿಂಗಿನ ಗುಂಡುಗಳು ಉರುಳಿ ಹಿಂಡಿದಾಗ ಹೆಣಿಗೆ ಸಡಿಲಾಗಿ ಎಣ್ಣೆ ಜಿನುಗುತ್ತದೆ. ನಿಂತಾಗ ಕೊಂಡಿಗಳು ಮತ್ತೆ ಹಿಡಿದುಕೊಳ್ಳುತ್ತವೆ. ಗಟ್ಟಿಯೋ ದ್ರವವೋ ಎಂಬ ಮೊದಲ ಒಗಟು ಇಲ್ಲಿ ಬಿಚ್ಚಿತು: ಗ್ರೀಸ್ ಎಂದರೆ ಎಣ್ಣೆ ಕುಡಿದು ಕೂತ ಹೆಣಿಗೆ. ಬಂಡಿಯವರು ಬೆರೆಸುತ್ತಿದ್ದ ಸುಟ್ಟ ಹುಲ್ಲಿನ ಕರಿಯೂ ಮಾಡುತ್ತಿದ್ದದ್ದು ಎಣ್ಣೆಯನ್ನು ಹಿಡಿದು ನಿಲ್ಲಿಸುವ ಇದೇ ಕೆಲಸವನ್ನು, ಒರಟಾಗಿ.

ಲಿಥಿಯಂ ಬರುವ ಮುಂಚೆ ಸುಣ್ಣದ ಅಂಶದಿಂದ ಮಾಡಿದ ಗ್ರೀಸ್ ಇತ್ತು, ಅದು ನೀರಿಗೆ ಜಗ್ಗದು, ಬಿಸಿಗೆ ಕರಗುತ್ತಿತ್ತು. ಸೋಡಿಯಂ ಗ್ರೀಸ್ ಬಿಸಿ ತಾಳುತ್ತಿತ್ತು, ನೀರು ತಾಗಿದರೆ ಕೆಡುತ್ತಿತ್ತು. 1942ರಲ್ಲಿ ಅಮೆರಿಕದ ಕ್ಲಾರೆನ್ಸ್ ಅರ್ಲ್ ಲಿಥಿಯಂ ಗ್ರೀಸಿಗೆ ಪೇಟೆಂಟ್ ಪಡೆದರು. ಅದಕ್ಕೆ ಔಡಲದ ಸರ ಕೂಡಿದ ಮೇಲೆ ನೀರು, ಬಿಸಿ ಎರಡಕ್ಕೂ ಒಂದೇ ಡಬ್ಬಿ ಸಾಕಾಯಿತು. ಇಂದು ಜಗತ್ತಿನಲ್ಲಿ ತಯಾರಾಗುವ ಗ್ರೀಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಲಿಥಿಯಂ ಕುಲದ್ದು. ಕೆಸರು ಗದ್ದೆಯಲ್ಲಿ ಇಳಿದು ಬಿಸಿಲಲ್ಲಿ ದುಡಿಯುವ ಸಿಂಧನೂರಿನ ಟ್ರ್ಯಾಕ್ಟರಿಗೆ ಇಂಥದೇ ಬೇಕು.

ಹದಿನೆಂಟನ್ನು ಮುರಿದರೆ

ಕೊಂಡಿ ಇರುವ ಜಾಗದಲ್ಲಿ ಸರವನ್ನು ಮುರಿಯಲೂ ಬರುತ್ತದೆ. ಗಣಿಕೆಯ ಬಳಿ ಕಬ್ಬು ಮುರಿದಂತೆ. ಔಡಲದ ಸರವನ್ನು ಪ್ರಬಲ ಕ್ಷಾರದಲ್ಲಿ 250 ಡಿಗ್ರಿಗೂ ಮೇಲೆ ಕಾಯಿಸಿದರೆ 18 ಮಣಿಗಳ ಸರ 10 ಮತ್ತು 8 ಆಗಿ ತುಂಡಾಗುತ್ತದೆ. ಹತ್ತು ಮಣಿಯ ತುಂಡಿಗೆ ಸೆಬಾಸಿಕ್ ಆಮ್ಲ ಎಂದು ಹೆಸರು. ಕ್ಷಾರ ಬಿಟ್ಟು ಬರೀ ಉರಿ ಬಿಸಿ ಕೊಟ್ಟರೆ ಸರ 11 ಮತ್ತು 7 ಆಗಿ ಮುರಿಯುತ್ತದೆ; ಆ ಹನ್ನೊಂದರಿಂದ ಒಂದು ಜಾತಿಯ ನೈಲಾನ್ ತಯಾರಾಗುತ್ತದೆ.

ಸೆಬಾಸಿಕ್ ಆಮ್ಲದ ಎರಡೂ ತುದಿಗೆ ಹಿಡಿಕೆಗಳಿವೆ. ಅವಕ್ಕೆ ಕವಲೊಡೆದ ಆಲ್ಕೋಹಾಲುಗಳನ್ನು ಕೂಡಿಸಿದರೆ ಸಂಶ್ಲೇಷಿತ ಕೀಲೆಣ್ಣೆ, ಅಂದರೆ ಸಿಂಥೆಟಿಕ್ ಎಣ್ಣೆ, ಸಿದ್ಧ. ಖನಿಜ ಎಣ್ಣೆ ತೂರದ ರಾಶಿಯಿದ್ದಂತೆ: ದೊಡ್ಡ ಕಾಳು, ಸಣ್ಣ ಕಾಳು, ಹೊಟ್ಟು ಎಲ್ಲ ಬೆರಕೆ. ಬಿಸಿಯಲ್ಲಿ ಸಣ್ಣವು ಆವಿಯಾಗಿ ಹಾರುತ್ತವೆ, ಚಳಿಯಲ್ಲಿ ದೊಡ್ಡವು ಹೆಪ್ಪಾಗುತ್ತವೆ. ಸಿಂಥೆಟಿಕ್ ಎಣ್ಣೆ ತೂರಿ, ಕೇರಿ, ಒಂದೇ ಅಳತೆಗೆ ತಂದ ಕಾಳು. ಜೆಟ್ ವಿಮಾನಗಳ ಮೊದಲ ಪೀಳಿಗೆಯ ಸಿಂಥೆಟಿಕ್ ಎಣ್ಣೆಗಳಲ್ಲಿ ಸೆಬಾಸಿಕ್ ಆಮ್ಲದಿಂದ ಕಟ್ಟಿದವು ಮುಖ್ಯವಾದವು. ಶೂನ್ಯಕ್ಕಿಂತ 50 ಡಿಗ್ರಿ ಕೆಳಗೂ ಅವು ಹರಿಯುತ್ತವೆ. ಔಡಲ ಹೀಗೆ ಎರಡನೆಯ ಸಲ ಆಕಾಶ ಏರಿತು, ಈ ಸಲ ಹೆಸರು ಬದಲಿಸಿಕೊಂಡು. ಸಸ್ಯದ ಎಣ್ಣೆ ಒಂದು ಕಡೆ, ಸಿಂಥೆಟಿಕ್ ಎಣ್ಣೆ ಇನ್ನೊಂದು ಕಡೆ ಎಂದು ಗೆರೆ ಎಳೆಯುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

ಬಂದರಿನ ಲೆಕ್ಕ

ಜಗತ್ತಿನ ಔಡಲ ಎಣ್ಣೆಯ ರಫ್ತಿನಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಪಾಲು ಭಾರತದ್ದು. ಬೆಳೆಯ ಕೇಂದ್ರ ಮಾತ್ರ ನಮ್ಮ ಸೀಮೆಯಿಂದ ಸರಿದು ಗುಜರಾತಿಗೆ ಹೋಗಿದೆ. 1968ರಲ್ಲಿ ಅಲ್ಲಿ ಜಿಸಿಎಚ್-3 ಎಂಬ ಹೈಬ್ರಿಡ್ ತಳಿ ಬಂತು. ನೀರಾವರಿ, ಎಣ್ಣೆ ಗಿರಣಿ, ಕಾಂಡ್ಲಾ ಬಂದರು ಹತ್ತಿರವೇ ಸಿಕ್ಕವು. ಇಂದು ದೇಶದ ಔಡಲದಲ್ಲಿ ಐದರಲ್ಲಿ ನಾಲ್ಕು ಪಾಲು ಅಲ್ಲಿಯದೇ. ರಾಯಚೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದಲ್ಲಿ ಭತ್ತ ಬಂತು, ಔಡಲ ಬದುವಿಗೆ ಸರಿಯಿತು. ಹತ್ತಿ, ಮೆಣಸಿನಕಾಯಿ ಹೊಲಗಳ ಅಂಚಿನಲ್ಲಿ ಎಲೆ ತಿನ್ನುವ ಹುಳುಗಳನ್ನು ತನ್ನ ಕಡೆ ಸೆಳೆದುಕೊಳ್ಳುವ ಬಲೆಬೆಳೆಯಾಗಿ ಅದು ಈಗಲೂ ನಿಲ್ಲುತ್ತದೆ.

ಕೊಳ್ಳುವವರಲ್ಲಿ ಚೀನಾ ದೊಡ್ಡದು. ನಮ್ಮಿಂದ ಹೋಗುವುದರಲ್ಲಿ ಹೆಚ್ಚಿನದು ಎಣ್ಣೆಯ ರೂಪದಲ್ಲೇ ಹೋಗುತ್ತದೆ. ಅಲ್ಲಿ ಸರವನ್ನು ಮುರಿದು ಸೆಬಾಸಿಕ್ ಆಮ್ಲ ಮಾಡುತ್ತಾರೆ. ಬೆಲೆ ಏರುವುದು ಎಣ್ಣೆಯಲ್ಲಲ್ಲ, ಕೊಂಡಿಯ ಮೇಲೆ ಮಾಡಿದ ಕೆಲಸದಲ್ಲಿ. ಭಾರತದ ಕಾರ್ಖಾನೆಗಳೂ ಹೆಪ್ಪುಗಟ್ಟಿಸಿದ ಎಣ್ಣೆ ಮತ್ತು ಗ್ರೀಸಿಗೆ ಬೇಕಾದ ಆಮ್ಲವನ್ನು ಮಾಡಿ ಕಳಿಸುತ್ತಿವೆ.

ಕೊಳ್ಳುವ ದೇಶಗಳ ಕಾನೂನೂ ಬೇಡಿಕೆಯನ್ನು ತಿರುಗಿಸುತ್ತಿದೆ. ನೆಲಕ್ಕೋ ನೀರಿಗೋ ಸೋರಿದ ಖನಿಜ ಎಣ್ಣೆ ಬೇಗ ಕೊಳೆಯುವುದಿಲ್ಲ. ಸಸ್ಯದ ಎಣ್ಣೆಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ತೇಗುತ್ತವೆ. ಯುರೋಪ್ ಒಕ್ಕೂಟ 2005ರಲ್ಲಿ ಇಂಥ ಕೀಲೆಣ್ಣೆಗಳಿಗೆ ಪರಿಸರ ಮುದ್ರೆ ಕೊಡಲು ಶುರು ಮಾಡಿತು. 2013ರಿಂದ ಅಮೆರಿಕದ ನೀರಿಗೆ ಬರುವ ದೊಡ್ಡ ಹಡಗುಗಳು, ಎಣ್ಣೆ ಸಮುದ್ರಕ್ಕೆ ತಾಗುವ ಜಾಗಗಳಲ್ಲಿ ಸಾಧ್ಯವಿದ್ದಷ್ಟೂ ಕೊಳೆಯುವ ಕೀಲೆಣ್ಣೆಯನ್ನೇ ಬಳಸಬೇಕೆಂಬ ನಿಯಮ ಬಂತು. ಯುರೋಪಿನವರು ಇದಕ್ಕೆ ಸಾಸಿವೆ ಕುಲದ ರೇಪ್‌ಸೀಡ್ ಎಣ್ಣೆಯನ್ನೂ ಬಳಸುತ್ತಾರೆ, ಆದರೆ ಅದು ಊಟದ ತಟ್ಟೆಯ ಪಾಲು. ಔಡಲ ತಟ್ಟೆಗೆ ಬೀಳುವ ಎಣ್ಣೆಯಲ್ಲ, ಆ ಜಗಳ ಅದಕ್ಕಿಲ್ಲ. ಸದ್ಯಕ್ಕೆ ಸಸ್ಯಮೂಲದ ಕೀಲೆಣ್ಣೆ ಒಟ್ಟು ಮಾರುಕಟ್ಟೆಯ ಒಂದು ಚೂರು ಮಾತ್ರ. ಬೆಲೆಯೂ ಖನಿಜ ಎಣ್ಣೆಗಿಂತ ಹೆಚ್ಚು.

ಒಂದೇ ತಾಲೂಕಿನ ಎರಡು ಸಾಮಾನು

ವಿದ್ಯುತ್ ವಾಹನಗಳ ಬ್ಯಾಟರಿಗೂ ಲಿಥಿಯಮ್ಮೇ ಬೇಕು. 2021-22ರಲ್ಲಿ ಅದರ ಬೆಲೆ ಹಲವು ಪಟ್ಟು ಏರಿದಾಗ ಗ್ರೀಸ್ ಮಾಡುವವರು ಕಂಗಾಲಾಗಿ ಮತ್ತೆ ಸುಣ್ಣದ ಕಡೆ, ಅಂದರೆ ಕ್ಯಾಲ್ಸಿಯಂ ಗ್ರೀಸಿನ ಕಡೆ ನೋಡತೊಡಗಿದರು. ಈಗಿನ ಒಳ್ಳೆಯ ಕ್ಯಾಲ್ಸಿಯಂ ಗ್ರೀಸುಗಳಲ್ಲೂ ಹೆಚ್ಚಿನವಕ್ಕೆ ಬೇಕಾಗುವುದು ಅದೇ ಔಡಲದ ಸರ. ಲೋಹ ಬದಲಾದರೂ ಕೊಂಡಿ ಬದಲಾಗಲಿಲ್ಲ.

ಲಿಂಗಸುಗೂರು ತಾಲೂಕಿನ ಗುರುಗುಂಟಾ ಅಮರೇಶ್ವರದ ಸುತ್ತಲಿನ ಶಿಲೆಗಳಲ್ಲಿ ಲಿಥಿಯಮ್ಮಿನ ಸುಳಿವು ಸಿಕ್ಕ ಸುದ್ದಿ ಈಚೆಗೆ ಪತ್ರಿಕೆಗಳಲ್ಲಿ ಬಂತು. ಅಲ್ಲಿ ಇನ್ನೂ ಶೋಧದ ಮಾತಷ್ಟೇ; ಕಾಡೂ ಇದೆ, ಕ್ಷೇತ್ರವೂ ಇದೆ. ಆದರೂ ಅಮರೇಶ್ವರನ ಜಾತ್ರೆಗೆ ಹಿಂದೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದವರು, ಈಗ ಟ್ರ್ಯಾಕ್ಟರ್ ಏರಿ ಹೋಗುವವರು, ಗ್ರೀಸಿನ ಎರಡು ಸಾಮಾನುಗಳನ್ನೂ ದಾರಿಯಲ್ಲೇ ಹಾದು ಹೋಗುತ್ತಾರೆ: ಒಂದು ಕಲ್ಲಿನೊಳಗೆ, ಇನ್ನೊಂದು ಬದುವಿನ ಮೇಲೆ, ಬಿಸಿಲೇರಿದಾಗ ಚಟ್ಟನೆ ಸಿಡಿಯುವ ಕಾಯಿಯೊಳಗೆ.

ಮುಂದಿನ ಸಲ ಗ್ರೀಸ್ ಹೊಡೆಯುವಾಗ ಒಂದು ಚೂರನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಬಿಡಿಸಿ. ಸಣ್ಣ ಎಳೆಯೊಂದು ಏಳುತ್ತದೆ, ಸ್ವಲ್ಪ ಹೊತ್ತು ನಿಂತು ಕಡಿಯುತ್ತದೆ. ಅಷ್ಟು ಹೊತ್ತು ಅದನ್ನು ಹಿಡಿದು ನಿಲ್ಲಿಸುವುದರಲ್ಲಿ ಹನ್ನೆರಡನೆಯ ಮಣಿಯ ಕೊಂಡಿಯ ಪಾಲೂ ಇದೆ.